ಬೊಂಬೆ ನೋಡಲು ಬಂದ ನಾಲ್ಕನೆಯವರು

ಬೆಳಗ್ಗೆ ಅಟ್ಟದಿಂದ ಬೊಂಬೆ ಪೆಟ್ಟಿಗೆ ಇಳಿಸಿದೆ. ಮುಚ್ಚಳ ತೆಗೆದ ಕೂಡಲೇ ನುಸಿಗುಳಿಗೆಯ ವಾಸನೆ ಆಸ್ಟಿನ್ ಪಕ್ಕದ ಸೀಡರ್ ಪಾರ್ಕಿನ ನಮ್ಮ ಹಾಲ್ ತುಂಬ ಹರಡಿತು. ನನಗೆ ನವರಾತ್ರಿ ಶುರುವಾಗುವುದೇ ಈ ವಾಸನೆಯಿಂದ. ಕ್ಯಾಲೆಂಡರ್ ನೋಡುವುದು ಆಮೇಲೆ. ಬೊಂಬೆ ಬಿಚ್ಚುವುದು, ಒರೆಸುವುದು, ಮತ್ತೆ ಸುತ್ತಿಡುವುದು ಈ ಮನೆಯಲ್ಲಿ ನನ್ನ ಖಾತೆ. ಯಾವ ಬೊಂಬೆಗೆ ಯಾವ ಕಾಗದ ಅನ್ನುವುದೂ ನೆನಪಿರುತ್ತದೆ. ಅಂಗಡಿ ಇಟ್ಟು ಕೂತ ಶೆಟ್ಟಿ ಬೊಂಬೆಗೆ ಸುತ್ತಿದ ಹಾಳೆಯನ್ನಂತೂ ಬೇಕೆಂದೇ ಆರಿಸಿದ್ದೆ, ಅಚ್ಚಾದ ಮಗ್ಗುಲು ಒಳಗೆ ಹೋಗುವ ಹಾಗೆ. ಅದೊಂದು ಸಭೆಯ ನೋಟಿಸು. ಅದರಲ್ಲಿ ನಮ್ಮ ಮನೆಯ ಪ್ರಸ್ತಾಪವಿದೆ.

ನನ್ನ ಹೆಂಡತಿ ಶೈಲಾ ವಕೀಲೆ. ವಕೀಲೆ ಅಂದರೆ ಕರಿಕೋಟು, ಕಟಕಟೆ, ಜೋರು ದನಿ ಅಂತ ಮೈಸೂರಿನ ನೆಂಟರು ಇವತ್ತಿಗೂ ತಿಳಿದಿದ್ದಾರೆ. ಇವಳು ಕೋರ್ಟಿನ ಮೆಟ್ಟಿಲು ಹತ್ತುವುದೇ ಅಪರೂಪ. ಇಲ್ಲಿ ಸರ್ಕಾರಿ ಶಾಲೆಗಳನ್ನು ನಡೆಸಲು ಊರಿನವರೇ ಆರಿಸಿದ ಏಳು ಜನರ ಮಂಡಳಿ ಇರುತ್ತದೆ. ಅವರು ಕಾನೂನು ತಪ್ಪದಂತೆ ನೋಡಿಕೊಳ್ಳುವುದು ಇವಳ ಕೆಲಸ. ಆ ಏಳರಲ್ಲಿ ನಾಲ್ವರು ಒಂದೆಡೆ ಕೂತು ಶಾಲೆಯ ವಿಷಯ ಎತ್ತಿದರೆ ಸಾಕು, ಅದು ಸಭೆ. ಸಭೆಯೆಂದ ಮೇಲೆ ಮೊದಲೇ ನೋಟಿಸು ಹಚ್ಚಿರಬೇಕು, ಜನರಿಗೆ ಬಾಗಿಲು ತೆರೆದಿರಬೇಕು. ಅವರು ಕೂತದ್ದು ಹೋಟೆಲಿನಲ್ಲೋ ಮದುವೆ ಊಟದಲ್ಲೋ ಅನ್ನುವುದು ಲೆಕ್ಕಕ್ಕಿಲ್ಲ.

ನಾನು ಹೇಳುತ್ತಿರುವ ವರ್ಷ ಅವಳು ದೊಡ್ಡ ಕಚೇರಿ ಬಿಟ್ಟು ಸ್ವಂತ ಪ್ರಾಕ್ಟೀಸ್ ಶುರು ಮಾಡಿ ನಾಲ್ಕು ತಿಂಗಳಾಗಿತ್ತು. ಕೈಯಲ್ಲಿದ್ದದ್ದು ಒಂದೇ ಮಂಡಳಿ, ಆಸ್ಟಿನ್ ಆಚೆಯ ಸಣ್ಣ ಊರಿನದು. ಆ ಮಂಡಳಿಯ ಮುಂದೆ ಇದ್ದದ್ದು ಒಂದೇ ದೊಡ್ಡ ಪ್ರಶ್ನೆ: ಮಕ್ಕಳು ಕಡಿಮೆಯಾದ ಹಳೆಯ ಪ್ರೈಮರಿ ಶಾಲೆಯನ್ನು ಮುಚ್ಚಬೇಕೋ ಬೇಡವೋ.

ಬೊಂಬೆ ನೋಡಲು ಅವರನ್ನೂ ಕರೆಯೋಣ ಅಂದವನು ನಾನೇ. ಶೈಲಾ ಒಪ್ಪಿದಳು, ಷರತ್ತಿನ ಮೇಲೆ. "ಶನಿವಾರ ಮೂರು ಜನ, ಭಾನುವಾರ ಮೂರು ಜನ. ಏಳನೆಯವರು ಊರಲ್ಲಿಲ್ಲ. ಬರ್ಕೊಳ್ಳಿ ರೀ."

ಬರೆದುಕೊಂಡೆ. ನನ್ನ ನೋಟ್‌ಬುಕ್ಕಿನಲ್ಲಿ ಕಡಲೆಕಾಳು ಎಷ್ಟು ಹೊತ್ತು ನೆನೆಯಬೇಕು ಅನ್ನುವುದರ ಕೆಳಗೇ ಅದೂ ಇತ್ತು. ಆದರೆ ಶುಕ್ರವಾರ ಹ್ಯಾಂಕ್ ಫೋನ್ ಮಾಡಿದರು. ಭಾನುವಾರದ ಮೂವರಲ್ಲಿ ಒಬ್ಬರು, ಶಾಲಾ ಬಸ್ ಓಡಿಸಿ ನಿವೃತ್ತರಾದ ಹಿರಿಯ ಸದಸ್ಯರು. ಭಾನುವಾರ ಚರ್ಚ್ ಇದೆ, ಶನಿವಾರ ಬರಲೇ ಅಂದರು. ಬೊಂಬೆ ನೋಡಲು ಬರುತ್ತೇನೆ ಅನ್ನುವವರಿಗೆ ಬೇಡ ಅನ್ನಲು ಯಾವ ಮೈಸೂರಿನವನಿಗೆ ಬಾಯಿ ಬರುತ್ತದೆ, ನೀವೇ ಹೇಳಿ. "ಅದಕ್ಕೇನು, ಬನ್ನಿ" ಅಂದುಬಿಟ್ಟೆ.

ಬಂದರು. ಬೂಟು ಬಿಚ್ಚಿ, ಬೊಂಬೆಗಳ ಮುಂದೆ ಕೈಕಟ್ಟಿ ನಿಂತರು. ಆಮೇಲೆ ನಾಲ್ವರೂ ಊಟದ ಮೇಜಿನ ಸುತ್ತ ಉಸ್ಲಿ ತಟ್ಟೆ ಹಿಡಿದು ಸುಮ್ಮನೆ ಕೂತರು. ಅತಿಥಿಗಳು ಮಾತಿಲ್ಲದೆ ಕೂತರೆ ನನಗೆ ಬೆವರುತ್ತದೆ. "ಆ ಶಾಲೆಯ ವಿಷಯ ಏನಾಯಿತು?" ಅಂದೆ.

ಶೈಲಾ ಒಳಗೆ ಒಗ್ಗರಣೆ ಹಾಕುತ್ತಿದ್ದಳು, ಹ್ಯಾಂಕ್ ಬಂದದ್ದು ಅವಳಿಗಿನ್ನೂ ತಿಳಿದಿರಲಿಲ್ಲ. ಇಲ್ಲಿ ಮಾತು ಮೆಲ್ಲಗೆ ಶುರುವಾಗಿ ಬಿರುಸಾಯಿತು. ಅಧ್ಯಕ್ಷೆ ಲಿಂಡಾ ಚಮಚ ಎತ್ತಿ, "ಹಾಗಾದರೆ ನಾವು ನಾಲ್ವರೂ ಮುಚ್ಚುವುದಕ್ಕೆ ಒಪ್ಪಿದ ಹಾಗೆ" ಅಂದರು. ಉಳಿದವರು ತಲೆಯಾಡಿಸಿದರು. ಹನ್ನೆರಡು ವರ್ಷದ ನಮ್ಮ ಮಗಳು ನೀರು ತಂದವಳು ನಿಂತಲ್ಲೇ ಎಣಿಸಿ, "ಅಪ್ಪಾ, ದೇರ್ ಆರ್ ಫೋರ್ ಆಫ್ ದೆಮ್!" ಅಂದಳು. ಸೌಟು ಹಿಡಿದೇ ಶೈಲಾ ಹೊರಗೆ ಬಂದಳು. ಮಾತು ನಿಂತಿತು. ನಿರ್ಧಾರ ಮಾತ್ರ ಆಗಿಹೋಗಿತ್ತು.

ಅವರೆಲ್ಲ ಹೋದ ಮೇಲೆ ನಾನು ತಟ್ಟೆ ತೊಳೆಯುತ್ತಾ ನಿಂತೆ. ಅವಳು ಹೇಳಿದಳು, "ಶಾಲೆ ಮುಚ್ಚೋ ಬಗ್ಗೆ ಸೋಮವಾರ ಇರೋ ವೋಟು ನಿಲ್ಲಿಸಬೇಕು. ಯಾಕೆ ಅಂತ ಊರಿಗೆ ಹೇಳಬೇಕು."

"ಇರೋದೊಂದು ಮಂಡಳಿ, ಶೈಲಾ. ವಕೀಲರ ಮನೇಲೇ ಹೀಗಾಯ್ತು ಅಂದ್ರೆ ಯಾರು ಇಟ್ಕೋತಾರೆ? ಇಲ್ಲಿ ಯಾರು ನೋಡಿದ್ರು?"

"ಇಷ್ಟು ಬೊಂಬೆ ಸಾಲಾಗಿ ಕೂತು ನೋಡಿದ್ವಲ್ಲ ರೀ."

ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಹೊಸ ನೋಟಿಸನ್ನು ಅವಳೇ ಬರೆದಳು. ಶಾಲೆ ಮುಚ್ಚುವ ಚರ್ಚೆ ಅನ್ನುವುದರ ಕೆಳಗೆ ಇನ್ನೊಂದು ಸಾಲು: ಮಂಡಳಿಯ ವಕೀಲರ ಮನೆಯಲ್ಲಿ ನಾಲ್ವರು ಸದಸ್ಯರ ನಡುವೆ ನಡೆದ ಮಾತುಕತೆಯ ವರದಿ. ಸಭೆಯ ದಿನ ನಾನೇ ಕಾರು ಓಡಿಸಿದೆ. ದಾರಿಯುದ್ದಕ್ಕೂ ರೇಡಿಯೋ ಹಾಕುವ ಧೈರ್ಯವಾಗಲಿಲ್ಲ. ನೋಟಿಸು ಓದಿದ ಊರು ಕುರ್ಚಿ ಸಾಲದಷ್ಟು ಬಂದಿತ್ತು. ಶೈಲಾ ಎದ್ದು ಮೈಕ್ ಮುಂದೆ ನಿಂತು, ಆ ಮಧ್ಯಾಹ್ನ ಯಾರು ಏನಂದರು ಅನ್ನುವುದನ್ನು ಒಂದೊಂದಾಗಿ ಹೇಳಿದಳು. ಮೊದಲು ವಿಷಯ ಎತ್ತಿದವರು ತನ್ನ ಗಂಡ ಅನ್ನುವುದನ್ನೂ ಬಿಡಲಿಲ್ಲ. ಹಿಂದಿನ ಸಾಲಿನಲ್ಲಿ ನಾನು ಕುಗ್ಗಿದ್ದೆ. ನನ್ನ ಪಕ್ಕದವರು ನೋಡಿದ್ದು ಮಾತ್ರ ಅವಳನ್ನು, ಕಣ್ಣು ಅಗಲಿಸಿಕೊಂಡು.

ಜನ ಮೂರು ಗಂಟೆ ಮಾತಾಡಿದರು. ಹ್ಯಾಂಕ್ ಮನಸ್ಸು ಬದಲಾಯಿಸಿದರು. ಶಾಲೆ ಒಂದು ವರ್ಷ ಉಳಿಯಿತು. ಮರುವರ್ಷ ಮುಚ್ಚಿತು, ಅದನ್ನೂ ಹೇಳಬೇಕು. ಮುಚ್ಚುವ ತೀರ್ಮಾನವಾದ ದಿನ ಒಬ್ಬ ತಾಯಿ ಶೈಲಾಳ ಕೈ ಹಿಡಿದು, "ಸೋತೆವು. ಆದರೆ ನಮ್ಮೆದುರಿಗೇ ಸೋತೆವು" ಅಂದಳು.

ಮಂಡಳಿ ಅವಳನ್ನು ಬಿಡಲಿಲ್ಲ. ಸುದ್ದಿ ಹರಡಿ ಬೇರೆ ಮಂಡಳಿಗಳವರೂ ಕರೆದರು, ತನ್ನ ಮನೆಯ ಮೇಲೇ ವರದಿ ಕೊಟ್ಟ ವಕೀಲೆ ಬೇಕು ಅಂತ. ಈಗ ವಾರಕ್ಕೊಮ್ಮೆ ಹೂಸ್ಟನ್ ಕಡೆಗೋ ಡಾಲಸ್ ಕಡೆಗೋ ಹೋಗುತ್ತಾಳೆ. ನಾನು ಮೊಸರನ್ನ ಕಟ್ಟಿಕೊಡುತ್ತೇನೆ.

ಇವತ್ತು ಹಾಳೆಯನ್ನು ಬಿಚ್ಚಿ ಓದಿದೆ. ಇಷ್ಟು ವರ್ಷ ಅದರಲ್ಲಿ ನನ್ನ ತಪ್ಪೊಂದೇ ಕಾಣುತ್ತಿತ್ತು. ಕೆಳಗೆ ಅವಳ ಸಹಿ ಎಷ್ಟು ನೇರವಾಗಿದೆ! ಹಾಳೆಯ ಮೇಲೆ ಪಂಚೆ ಹಾಸಿ ಇಸ್ತ್ರಿ ಮಾಡಿ, ಕೆಳಗಿನ ಮೆಟ್ಟಿಲ ಮೇಲೆ ಶೆಟ್ಟಿಯ ಹಿಂದೆ ನಿಲ್ಲಿಸಿದೆ.

ಸಂಜೆ ಡಾಲಸ್ ಪಕ್ಕದ ಯೂಲೆಸ್‌ನಿಂದ ಬಂದ ಶೈಲಾ ಬ್ಯಾಗು ಇಳಿಸುವ ಮೊದಲೇ ನೋಡಿದಳು. "ಏನ್ರೀ ಇದು, ಬೊಂಬೆ ಮಧ್ಯೆ?"

"ನೋಟಿಸು ಜನಕ್ಕೆ ಕಾಣೋ ಕಡೆ ಹಚ್ಚಬೇಕು ಅಂತ ನೀನೇ ಹೇಳ್ತೀಯಲ್ಲ."

ಅವಳು ಬಗ್ಗಿ ಶೆಟ್ಟಿಯನ್ನು ಎರಡು ಬೆರಳಿನಷ್ಟು ಪಕ್ಕಕ್ಕೆ ಸರಿಸಿದಳು. ನಮ್ಮ ಮನೆಯ ಸಾಲು ಅದುವರೆಗೆ ಅವನ ಪೇಟದ ಹಿಂದೆ ಮರೆಯಾಗಿತ್ತು.