ತಪ್ಪಿಲ್ಲ, ಆದರೂ ಹದಿನೈದು ಗಜ

ಟೀವಿಯ ರಿಮೋಟ್ ಕೈಗೆ ಬಂದರೆ ಎಂಥ ಪುಕ್ಕಲನೂ ನ್ಯಾಯಾಧೀಶನಾಗುತ್ತಾನೆ. ಕ್ಯಾರಲ್ಟನ್ನಿನ ನನ್ನ ಸೋಫಾದಲ್ಲಿ ಚಕ್ಕುಲಿ ಕಡಿಯುತ್ತ, ಚೆಂಡನ್ನು ಕಂಕುಳಲ್ಲಿಟ್ಟು ಓಡುವ ಅಮೆರಿಕದ ಕಾಲೇಜು ಫುಟ್‌ಬಾಲಿನ ಅದೆಷ್ಟು ಹುಡುಗರನ್ನು ನಾನು ಮೈದಾನದಿಂದ ಆಚೆಗಟ್ಟಿಲ್ಲ! ಎದುರಾಳಿಯ ತಲೆಗೆ ಗುರಿಯಿಟ್ಟು ಗುದ್ದಿದವನನ್ನು ಆಟದಿಂದಲೇ ಉಚ್ಚಾಟಿಸುವ ನಿಯಮ 2013ರಲ್ಲಷ್ಟೇ ಬಂದಿತ್ತು; ಮೇಲೆ ಕುಳಿತ ಅಧಿಕಾರಿಯೊಬ್ಬ ದೃಶ್ಯವನ್ನು ಮತ್ತೆ ನೋಡಿ ಉಚ್ಚಾಟನೆಯನ್ನು ಖಾಯಂ ಮಾಡುತ್ತಿದ್ದ, ಇಲ್ಲವೇ ರದ್ದು ಮಾಡುತ್ತಿದ್ದ. ಇದಕ್ಕಿಂತ ಧರ್ಮಸಮ್ಮತವಾದದ್ದು ಇನ್ನೇನಿದೆ ಎಂದು ಸಿಕ್ಕವರಿಗೆಲ್ಲ ಬೋಧಿಸುತ್ತಿದ್ದೆ.

ಹೀಗಿರುವಾಗ, ಪಕ್ಕದ ಬೀದಿಯ ಹುಬ್ಬಳ್ಳಿಯ ವಸುಧಾ ಅವರ ಮಗ, ಕಾಲೇಜು ತಂಡದ ನವೀನನ ಕೊನೆಯ ಪಂದ್ಯ ಬಂತು. ಓದು ಮುಗಿಯುವವರೆಗೂ ಬೆಂಚು ಬಿಸಿ ಮಾಡಿದವನಿಗೆ ಅಂತೂ ಆಡುವ ಅವಕಾಶ. ನಾವೆಲ್ಲ ಆಸ್ಟಿನ್‌ಗೆ ಡ್ರೈವ್ ಮಾಡಿ, ಪಾರ್ಕಿಂಗ್ ಲಾಟಿನಲ್ಲಿ ಗಿರ್ಮಿಟ್ಟು, ಮಿರ್ಚಿ ತಿಂದು ಒಳಹೊಕ್ಕೆವು.

ಸಮಬಲದ ಆಟ, ಕೊನೆಯ ನಿಮಿಷಗಳು. ನವೀನ ಎದುರಾಳಿಯೊಬ್ಬನನ್ನು ಕೆಡವಿದ. ತಪ್ಪಾಯಿತೆಂದು ಸಾರುವ ರೆಫರಿಯ ಹಳದಿ ಬಟ್ಟೆ ನೆಲಕ್ಕೆ ಬಿತ್ತು. ಮೈಕಿನಲ್ಲಿ ಅವನ ನಂಬರ್ ಕೇಳಿದ್ದೇ ತಡ, ನಮ್ಮ ಅಂಕಲ್ ಆಂಟಿಯರೆಲ್ಲ ಬಹುಮಾನವೇ ಬಂತೆಂದು ಎದ್ದುನಿಂತು ಚಪ್ಪಾಳೆ ತಟ್ಟಿದರು. ಅವನನ್ನು ಹೊರಹಾಕಿದ್ದಾರೆಂದು ನಾನೇ ಹೇಳಬೇಕಾಯಿತು. ದೊಡ್ಡ ಪರದೆಯ ಮೇಲೆ ಅವನ ಗುದ್ದನ್ನು ನಿಧಾನವಾಗಿ ತೋರಿಸತೊಡಗಿದರು. ಅಷ್ಟು ನಿಧಾನಕ್ಕೆ ತೋರಿಸಿದರೆ ನಮ್ಮಜ್ಜಿ ತುಳಸಿಗೆ ನೀರು ಹಾಕಿದ್ದೂ ಹಲ್ಲೆಯಂತೆಯೇ ಕಂಡೀತು. ವಸುಧಾ ಪರದೆಯತ್ತ ನೋಡಲೇ ಇಲ್ಲ.

ತೀರ್ಪು ಬಂತು: ತಾಗಿದ್ದು ಭುಜಕ್ಕೆ, ತಲೆಗಲ್ಲ, ನವೀನ ಆಡಬಹುದು. ಆದರೆ ಆ ತಪ್ಪಿಗೆ ವಿಧಿಸಿದ್ದ ಹದಿನೈದು ಗಜದ ದಂಡ ಮಾತ್ರ ಹಾಗೆಯೇ ಉಳಿಯುತ್ತದೆ! ಆಗಿನ ನಿಯಮವೇ ಹಾಗಿತ್ತು. ಚೆಂಡನ್ನು ನಮ್ಮವರ ಗೋಲಿನತ್ತ ಅಷ್ಟು ಮುಂದಕ್ಕಿಟ್ಟರು. ಎದುರಾಳಿಗಳು ಅಲ್ಲಿಂದ ಗೋಲುಕಂಬಗಳ ನಡುವೆ ಒದ್ದು ಗೆದ್ದರು.

“ತಪ್ಪಿಲ್ಲ ಅಂದ್ರಲ್ರಿ, ಮತ್ತ ಶಿಕ್ಷಾ ಯಾಕ್ರಿ?” ಎಂದು ವಸುಧಾ ಪಾರ್ಕಿಂಗ್ ಲಾಟಿನಲ್ಲಿ ನನ್ನನ್ನೇ ಕೇಳಿದರು. ಧರ್ಮಬೋಧಕ ಕಾರಿನ ಕೀಲಿಗಾಗಿ ಜೇಬು ತಡಕತೊಡಗಿದ. “ಇಟ್ಸ್ ದ ರೂಲ್, ಅಮ್ಮಾ,” ಎಂದ ನವೀನ ಕಾರಿನಲ್ಲಿ ಮುಖ ತಿರುಗಿಸಿ ಕುಳಿತ. ಹೊರಗೆ ಅವರದೇ ಕಾಲೇಜಿನವರು ಅವನ ನಂಬರ್ ಹಿಡಿದು ಬೈಯುತ್ತಿದ್ದರು.

ಮರುವರ್ಷ ನಿಯಮ ತಿದ್ದಿದರು: ಉಚ್ಚಾಟನೆ ರದ್ದಾದರೆ ಗಜಗಳೂ ರದ್ದು. ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದ್ದರು. ಆದರೂ ನಾನು, ಪೆದ್ದ, ಶುಭ ಸಮಾಚಾರವೆಂಬಂತೆ ವಸುಧಾ ಅವರ ಮನೆಗೆ ಓಡಿದೆ. ರೊಟ್ಟಿ ಬಡಿಯುತ್ತಿದ್ದವರು ಪೂರ್ತಿ ಕೇಳಿಸಿಕೊಂಡರು.

“ಛಲೋ ಆತ್ ಬಿಡ್ರಿ,” ಎಂದರು. “ಆದ್ರ ನವೀನನ ಮುಂದ ಹೇಳಬ್ಯಾಡ್ರಿ.”