ನಾಲ್ಕನೇ ಆಲ್ಬಮ್ಮು ಮೈದಾ ಎಂದವನು

ಕಲ್ಲೇಶಪ್ಪ ಸತ್ತು ಐದು ತಿಂಗಳಾಯಿತು. ಹೊನ್ನಾಳಿಯಲ್ಲಿ ಈಗ ಎಲ್ಲರೂ ಅವನ ಬಗ್ಗೆ ಒಳ್ಳೆಯದನ್ನೇ ಹೇಳುತ್ತಿದ್ದಾರೆ. ಬದುಕಿದ್ದರೆ ಅವನಿಗೆ ತಡೆದುಕೊಳ್ಳಲು ಆಗುತ್ತಿರಲಿಲ್ಲ. 'ಬಹಳ ಶಾಂತ ಮನುಷ್ಯ' ಎಂದು ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ಒಬ್ಬರು ಅಂದರು. ಸರಿಯಾಗಿ ಒಣಗಿಸದ ಜೋಳ ತಂದಿದ್ದಕ್ಕೆ ಅವರ ಹೆಂಡತಿಯನ್ನು ಅವನು ಗಿರಣಿಯ ಬಾಗಿಲಲ್ಲೇ ಬೈದು ವಾಪಸ್ ಕಳಿಸಿದ್ದು ಅವರಿಗೆ ಮರೆತಿರಬೇಕು.

ಅವನಿಗೆ ಎಲ್ಲದರ ಬಗ್ಗೆಯೂ ಒಂದು ಅಭಿಪ್ರಾಯವಿತ್ತು. ನಾನು ಬರೆಯಲು ಕೂತಿರುವುದು ಇಂಗ್ಲೆಂಡಿನ ಒಂದು ತಂಡದ ಐದು ಆಲ್ಬಮ್‌ಗಳ ಬಗ್ಗೆ ಅವನಿಗಿದ್ದ ಅಭಿಪ್ರಾಯವನ್ನು ಮಾತ್ರ. ಆ ಐದರಲ್ಲಿ ಒಂದನ್ನು ಕೆಡಿಸಿದವನು ನಾನು.

ಅವನು ಜಗಳೂರು ತಾಲ್ಲೂಕಿನ ಬಿಳಿಚೋಡಿನವನು. ಎಪ್ಪತ್ತಾರರಲ್ಲಿ ಆ ಕಡೆ ಬೋರ್‌ವೆಲ್ ಕೊರೆಸುವ ಯೋಜನೆಯೊಂದು ಬಂದಾಗ ಕೂಲಿಗೆ ಸೇರಿದ. ಅಲ್ಲಿದ್ದ ಇಂಗ್ಲಿಷ್ ಎಂಜಿನಿಯರ್ ಹೆಸರು ಕಾಲಿನ್. ಊರಿನವರು ಕಾಲಿನಪ್ಪ ಅನ್ನುತ್ತಿದ್ದರು. ಈ ಕಾಲಿನಪ್ಪ ಕೊರೆಯುವ ಯಂತ್ರದ ಪಕ್ಕದಲ್ಲೇ ಟೇಪ್ ರೆಕಾರ್ಡರ್ ಇಟ್ಟು 'ಫರ್ನೇಸ್ ರೋಡ್' ಎಂಬ ಹೆವಿ ಮೆಟಲ್ ತಂಡದ ಕ್ಯಾಸೆಟ್ ಹಾಕುತ್ತಿದ್ದ. ಯಂತ್ರದ ಗದ್ದಲವನ್ನು ಮೀರಿ ಕಿವಿಗೆ ಬೀಳುವ ಹಾಡು ಪ್ರಪಂಚದಲ್ಲಿ ಇದೊಂದೇ ಎಂದು ಕಲ್ಲೇಶಪ್ಪ ತೀರ್ಮಾನಿಸಿದ. ನೀರು ಬಿದ್ದ ದಿನ ಇಬ್ಬರೂ ಆ ಹಾಡಿಗೆ ಕುಣಿದರಂತೆ. ಬರೀ ಧೂಳು ಬಂದ ದಿನಗಳಲ್ಲೂ ಕುಣಿದಿದ್ದರಂತೆ.

ಕಾಲಿನ್ ಊರಿಗೆ ಹೋಗುವಾಗ ಟೇಪ್ ರೆಕಾರ್ಡರನ್ನು ಇವನಿಗೆ ಕೊಟ್ಟ. ಆಮೇಲೆ ತಂಡದ ಹೊಸ ಆಲ್ಬಮ್ ಬಂದಾಗಲೆಲ್ಲ ಒಂದು ಕ್ಯಾಸೆಟ್ ಕಳಿಸುತ್ತಿದ್ದ. ಅಷ್ಟರಲ್ಲಿ ಕಲ್ಲೇಶಪ್ಪ ಕತ್ತಲಗೆರೆಯ ಕೊಟ್ರಮ್ಮನನ್ನು ಮದುವೆಯಾಗಿ ಹೊನ್ನಾಳಿಗೆ ಬಂದು ಹಿಟ್ಟಿನ ಗಿರಣಿ ಹಾಕಿದ್ದ. ನಾನು ಅದೇ ಬೀದಿಯಲ್ಲಿದ್ದೆ. ನ್ಯಾಮತಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಒಂದು ಭಾನುವಾರ ಗೋಧಿ ಬೀಸಿಸಲು ಹೋದವನ ಕೈಗೆ ಕ್ಯಾಸೆಟ್ಟಿನ ಕವರು ಕೊಟ್ಟು, "ಇದರಾಗೆ ಏನು ಬರದೈತೆ ಓದ್ರಿ ಮೇಷ್ಟ್ರೇ" ಅಂದ. ಹಾಗೆ ಶುರುವಾದ ಸ್ನೇಹ.

ನನಗೆ ಆ ಸಂಗೀತ ಕೊನೆಯವರೆಗೂ ಹಿಡಿಸಲಿಲ್ಲ. ತಗಡಿನ ಶೆಡ್ಡಿನ ಮೇಲೆ ಯಾರೋ ತೆಂಗಿನಕಾಯಿ ಸುರಿದ ಹಾಗೆ ಕೇಳುತ್ತಿತ್ತು. ಹಾಗೆಂದು ಹೇಳಿದೆ ಕೂಡ.

"ಅದಕ್ಕೇ ರೀ ಚೆಂದ ಇರೋದು," ಅಂದ. "ಹಿಟ್ಟನ್ನ ಹೆಂಗೆ ನೋಡ್ತೀವಿ? ಬೆರಳಾಗೆ ತಿಕ್ಕಿ ನೋಡ್ತೀವಿ. ತರಿ ಸಿಗಬೇಕು. ಹಾಡೂ ಹಂಗೇ."

ಎಲ್ಲ ಆಲ್ಬಮ್ಮನ್ನೂ ಅವನು ಹೀಗೆ ತಿಕ್ಕಿಯೇ ನೋಡಿದ. ಮೊದಲನೆಯದು ಹೊಸ ಕಲ್ಲು: ಹಿಟ್ಟಿನಲ್ಲಿ ಹರಳು ಬರುತ್ತದೆ, ಹಲ್ಲು ಹೋಗುತ್ತದೆ, ಆದರೆ ಮೋಸವಿಲ್ಲ. ಎರಡನೆಯದು ರೊಟ್ಟಿಗೆ ಬೀಸಿದ ಜೋಳ. ಅದರ ಬಗ್ಗೆ ಮಾತಾಡುವಾಗ ಅವನು ಎದ್ದು ನಿಲ್ಲುತ್ತಿದ್ದ. ಮೂರನೆಯದು ಒಣಮೆಣಸಿನಕಾಯಿ. ಅದನ್ನು ಹಾಕಿದ ದಿನ ಸರದಿಯಲ್ಲಿ ನಿಂತಿದ್ದ ಅಜ್ಜಮ್ಮ ಎಂಬ ಮುದುಕಿ, "ಯಾರಿಗೋ ಮೈಮೇಲೆ ಬಂದೈತೆ, ನಿಂಬೆಹಣ್ಣು ತರ್ರೋ" ಎಂದು ಕೂಗಿದ್ದಳು. ಕಲ್ಲೇಶಪ್ಪನಿಗೆ ಅದಕ್ಕಿಂತ ದೊಡ್ಡ ವಿಮರ್ಶೆ ಬೇಕಿರಲಿಲ್ಲ.

ನಾಲ್ಕನೆಯದು ಎಂಬತ್ತಮೂರರಲ್ಲಿ ಬಂತು. ಅದರಲ್ಲಿ ಪಿಯಾನೋ ಇತ್ತು. ಹಾಡುವವನು ಕಿರುಚದೆ, ಯಾವುದೋ ಹುಡುಗಿಯನ್ನು ನೆನೆದು ನಿಧಾನವಾಗಿ ಹಾಡಿದ್ದ. ಕಲ್ಲೇಶಪ್ಪ ಪೂರ್ತಿ ಕೇಳಿ, ಟೇಪ್ ಆರಿಸಿ, ಮೋಟಾರನ್ನೂ ಆರಿಸಿದ.

"ಮೈದಾ ಮಾಡ್ಯಾರೆ ನನ್ಮಕ್ಳು. ಬರ್ರಿ ಮೇಷ್ಟ್ರೇ, ಕಾಗದ ಬರೀರಿ."

ಅವನು ಹೇಳುತ್ತಾ ಹೋದ, ನಾನು ಗುರುತು ಹಾಕಿಕೊಂಡೆ. ಕಲ್ಲು ಸವೆದಿದ್ದರೆ ಕುಟ್ಟಿಸಿಕೊಳ್ಳಿ, ಇಲ್ಲವೇ ಗಿರಣಿ ಮುಚ್ಚಿ. ಪಿಯಾನೋದವನನ್ನು ಹೊರಗೆ ಹಾಕಿ. ನಿಮ್ಮ ಮುಖಕ್ಕಿಷ್ಟು ಹಿಟ್ಟು ಬಳಿಯ. ಅದರ ಮುಂದಿನದು ಇಲ್ಲಿ ಬೇಡ.

ಮನೆಗೆ ಬಂದು ಇಂಗ್ಲಿಷಿನಲ್ಲಿ ಬರೆಯಲು ಕೂತೆ. ನಮ್ಮ ಕಡೆ ಕಾಗದ ಎಂದರೆ ಮೊದಲು ಕ್ಷೇಮ ತಿಳಿಸಬೇಕು, ಕ್ಷೇಮ ಕೇಳಬೇಕು, ಆಮೇಲೆ ವಿಷಯ. ಕ್ಷೇಮ ಕೇಳಿದ ಮೇಲೆ ಬೈಯುವುದು ಹೇಗೆ? ಮುಖ ನೋಡದ, ಊರು ನೋಡದ ಪರಸ್ಥಳದವರು ಬೇರೆ. ನನ್ನ ಕೈ ಏಳಲಿಲ್ಲ. ಇಲ್ಲಿ ನಾವೆಲ್ಲ ಕ್ಷೇಮ, ತಮ್ಮ ನಾಲ್ಕನೆಯ ಕೃತಿ ಕೇಳಿ ಹೊನ್ನಾಳಿಯ ಹಿಟ್ಟಿನ ಗಿರಣಿಯ ಮಾಲೀಕರಾದ ಶ್ರೀ ಕಲ್ಲೇಶಪ್ಪನವರು ಅಪಾರ ಸಂತೋಷಪಟ್ಟಿದ್ದಾರೆ, ಇದೇ ಹಾದಿಯಲ್ಲಿ ಮುಂದುವರಿಯಿರಿ ಎಂದು ಬರೆದು ಕ್ಯಾಸೆಟ್ಟಿನ ಕವರಿನ ಮೇಲಿದ್ದ ವಿಳಾಸಕ್ಕೆ ಹಾಕಿದೆ. ದೂರದ ದೇಶ, ಯಾರು ಓದುತ್ತಾರೆ ಎಂದುಕೊಂಡಿದ್ದೆ.

ಅವರು ಓದಿದರು. ಮೂರು ತಿಂಗಳಿಗೆ ಗಿಟಾರಿನವನ ಉತ್ತರ ಬಂತು. ನಾಲ್ಕನೆಯದಕ್ಕೆ ನಮ್ಮ ದೇಶದಲ್ಲಿ ಎಲ್ಲರೂ ಉಗಿದರು, ಈ ಹಾದಿ ಬಿಟ್ಟುಬಿಡೋಣ ಅಂದುಕೊಂಡಿದ್ದೆವು, ನಿಮ್ಮ ಕಾಗದ ನೋಡಿ ಧೈರ್ಯ ಬಂತು ಎಂದಿತ್ತು.

"ಏನಂತೆ?" ಎಂದು ಕಲ್ಲೇಶಪ್ಪ ಕೇಳಿದ.

"ತಪ್ಪಾಯ್ತು, ತಿದ್ದಿಕೊಳ್ತೀವಿ ಅಂತ ಬರೆದಿದಾರೆ," ಅಂದೆ.

ಅವನು ಆ ಕಾಗದಕ್ಕೆ ಕಟ್ಟು ಹಾಕಿಸಿ ಗಿರಣಿಯಲ್ಲಿ ಬಸವಣ್ಣನ ಪಟದ ಪಕ್ಕ ತೂಗುಹಾಕಿದ. ನಾನು ಒಂದು ವರ್ಷ ಅದರ ಕೆಳಗೆ ಕೂತು ಚಹಾ ಕುಡಿದೆ.

ಎಂಬತ್ತೈದರಲ್ಲಿ ಐದನೆಯದು ಬಂತು. ಎರಡು ಪಿಯಾನೋ, ಪಿಟೀಲು, ಚರ್ಚಿನ ಮಕ್ಕಳ ಹಾಡು. ಕವರಿನ ಹಿಂದೆ ಸಣ್ಣ ಅಕ್ಷರದಲ್ಲಿ ಕೃತಜ್ಞತೆಯ ಸಾಲು. ಕಲ್ಲೇಶಪ್ಪನಿಗೆ ಇಂಗ್ಲಿಷ್ ಬಾರದಿದ್ದರೂ ಕಾಲಿನ್ ಅವನ ಹೆಸರು ಬರೆಯಲು ಕಲಿಸಿದ್ದ. ಅದರ ಮೇಲೆ ಬೆರಳಿಟ್ಟು, "ನನ್ನ ಹೆಸರು ಯಾಕೈತೆ?" ಅಂದ.

ಇನ್ನು ಸುಳ್ಳು ಹೇಳಲಾಗಲಿಲ್ಲ. ಎಲ್ಲ ಹೇಳಿದೆ.

ಅವನು ಬೈಯಲಿಲ್ಲ. ಅದಕ್ಕೇ ಭಯವಾಯಿತು. "ಮೈದಾದಾಗೆ ಸಕ್ರಿ ಹಾಕ್ಯಾರೆ," ಅಂದ. "ಹಾಕಿದ್ದು ಅವರಲ್ಲ, ನೀನು. ಪ್ರಪಂಚದಾಗೆ ಇದನ್ನ ಕೇಳಿದೋರೆಲ್ಲ ಕಲ್ಲೇಶಪ್ಪ ಅಂಬೋನಿಗೆ ಇದು ಬೇಕಾಗಿತ್ತು ಅಂತಾರೆ. ನನ್ನ ಬಾಯಾಗೆ ನಿನ್ನ ಮಾತು ಇಟ್ಟೆಲ್ಲೋ."

ಅಲ್ಲಿಯವರೆಗೆ ಅವನು ನನ್ನನ್ನು ಏಕವಚನದಲ್ಲಿ ಕರೆದಿರಲಿಲ್ಲ. ಆಮೇಲೆ ಎರಡು ವರ್ಷ ಯಾವ ವಚನದಲ್ಲೂ ಕರೆಯಲಿಲ್ಲ. ನಾನು ಗೋಧಿಯನ್ನು ನ್ಯಾಮತಿಯಲ್ಲಿ ಬೀಸಿಸಿಕೊಂಡು ಬಸ್ಸಿನಲ್ಲಿ ತರುತ್ತಿದ್ದೆ. ಸುಮಾರಾದ ಹಿಟ್ಟು.

ಎಂಬತ್ತೇಳರಲ್ಲಿ ಅವನ ಎದೆ ಕೆಟ್ಟಿತು. ಹಿಟ್ಟಿನ ಧೂಳು ಎಂದರು ಡಾಕ್ಟರು. ಒಂದು ಮಧ್ಯಾಹ್ನ ಕೊಟ್ರಮ್ಮ ನಮ್ಮ ಬಾಗಿಲಿಗೆ ಬಂದು, "ದಾವಣಗೆರೆ ಆಸ್ಪತ್ರಿಗೆ ಬರ್ಬೇಕಂತೆ. ಪೆನ್ನು ತರಾಕೆ ಹೇಳ್ಯಾರೆ" ಅಂದರು.

ಹೋದೆ. ಮಂಚದ ಮೇಲೆ ಅರ್ಧ ಕಲ್ಲೇಶಪ್ಪನಿದ್ದ. ನಾನು ಹೇಗಿದ್ದೀಯಾ ಎಂದು ಕೇಳುವಷ್ಟರಲ್ಲಿ ಕೈ ಎತ್ತಿ ತಡೆದ.

"ಕ್ಷೇಮ ಗಿಮ ಏನೂ ಬ್ಯಾಡ. ನಂಗೂ ಬ್ಯಾಡ, ಅವರಿಗೂ ಬ್ಯಾಡ. ಬರೀರಿ."

ಮತ್ತೆ 'ರಿ' ಎಂದಿದ್ದ. ಪೆನ್ನಿನ ಮುಚ್ಚಳ ತೆಗೆದು ಕೂತೆ.

ಹಳೆಯ ಬೈಗುಳಗಳನ್ನೆಲ್ಲ ಅವನು ಮರೆಯದೆ ಇಟ್ಟುಕೊಂಡಿದ್ದ. ಐದನೆಯದಕ್ಕೆ ಹೊಸವೂ ಇದ್ದವು. ಮೊದಲಿನ ಕಾಗದ ತಾನು ಹೇಳಿದ್ದಲ್ಲ, ಕವರಿನಿಂದ ತನ್ನ ಹೆಸರು ತೆಗೆಯಿರಿ ಎಂದೂ ಬರೆಸಿದ. ಒಂದೊಂದು ಸಾಲಿಗೂ ಉಸಿರಿಗೆ ನಿಲ್ಲುತ್ತಿದ್ದ. ಅಲ್ಲೇ ಇಂಗ್ಲಿಷಿಗೆ ಮಾಡಿ, ಮತ್ತೆ ಕನ್ನಡದಲ್ಲಿ ಓದಿ ಹೇಳಿ ಎಂದ. ಓದಿದೆ. ಪಕ್ಕದ ಮಂಚದವನು ಆ ಕಡೆ ತಿರುಗಿ ಮಲಗಿದ. ನರ್ಸ್ ಎರಡು ಸಲ ಬಂದು ನೋಡಿ ಹೋದಳು.

"ನನ್ಮಕ್ಳು ಅನ್ನಾದಕ್ಕೆ ಏನು ಹಾಕೀರಿ?"

ಹಾಕಿದ್ದನ್ನು ಹೇಳಿದೆ.

"ಅದು ಸಾಕಾಗ್ತತೇನು?"

"ಆ ಭಾಷೆಯಲ್ಲಿ ಅದಕ್ಕಿಂತ ಜೋರಾದ್ದು ನನಗೆ ಗೊತ್ತಿಲ್ಲ."

"ಮೇಷ್ಟ್ರು ಆಗಿ ಏನು ಕಲ್ತ್ರಿ?" ಅಂದ. ನಕ್ಕು ಕೆಮ್ಮಿದ. ಕೆಮ್ಮು ನಿಂತ ಮೇಲೆ, "ಡ್ರಮ್ಮಿನೋನದು ತಪ್ಪಿಲ್ಲ ಅಂತ ಸೇರ್ಸ್ರಿ. ಆ ಪಿಟೀಲಿನಾಗೂ ಅವನೊಬ್ಬ ಮನಸಿಟ್ಟು ಬಾರ್ಸ್ಯಾನೆ" ಅಂದ. ಸೇರಿಸಿದೆ. ಇಂಗ್ಲಿಷಿನಲ್ಲಿ ಅವನೇ ರುಜು ಹಾಕಿದ. ರಿಜಿಸ್ಟರ್ ಮಾಡಿ, ಮುಟ್ಟಿದ್ದಕ್ಕೆ ಸಹಿಯಾಗಿ ಬರುವ ಕಾರ್ಡನ್ನೂ ಲಗತ್ತಿಸಬೇಕು ಎಂದ. ನನ್ನ ಮೇಲೆ ಅವನಿಗೆ ಅಷ್ಟು ನಂಬಿಕೆ.

ಎಂಟು ದಿನಕ್ಕೆ ಹೋಗಿಬಿಟ್ಟ. ನಲವತ್ತೊಂದು ವರ್ಷ.

ಕಾರ್ಡು ಬಂದಿದ್ದು ಅವನ ತಿಂಗಳ ಕಾರ್ಯ ಮುಗಿದ ಮೇಲೆ. ಕೆಳಗೆ ಯಾರದೋ ಗೀಚಿದ ಸಹಿ ಇತ್ತು. ಅದನ್ನು ಹಿಡಿದುಕೊಂಡು ಗಿರಣಿಗೆ ಹೋದೆ. ಕೊಟ್ರಮ್ಮ ತಲೆಗೆ ವಸ್ತ್ರ ಕಟ್ಟಿಕೊಂಡು ಯಾರದೋ ರಾಗಿ ಸುರಿಯುತ್ತಿದ್ದರು. ಮೋಟಾರಿನ ಸದ್ದಿನಲ್ಲಿ ಕೂಗಿ ಹೇಳಬೇಕಾಯಿತು.

"ಬೈದಿದ್ದು ಮುಟ್ಟೈತಾ?" ಎಂದು ಅವರೂ ಕೂಗಿದರು.

"ಮುಟ್ಟೈತೆ. ಸಹಿ ಹಾಕಿದಾರೆ."

"ಒಂದೂ ಬಿಡದಂಗೆ ಬರದಿದ್ರಾ?"

"ಒಂದೂ ಬಿಟ್ಟಿಲ್ಲ."

ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದರು. ಸೆರಗಿನಿಂದ ಮುಖದ ಮೇಲಿನ ಹಿಟ್ಟು ಒರೆಸಿಕೊಂಡರು. ಕಣ್ಣನ್ನೂ ಒರೆಸಿಕೊಂಡರೋ ಏನೋ, ಹಿಟ್ಟಿನಲ್ಲಿ ಗೊತ್ತಾಗಲಿಲ್ಲ.

"ಹಂಗಾದ್ರೆ ಆತು ಬಿಡ್ರಿ," ಎಂದು ಹೇಳಿ, ಬೀಳುತ್ತಿದ್ದ ಹಿಟ್ಟಿಗೆ ಕೈಯೊಡ್ಡಿ ಬೆರಳಲ್ಲಿ ತಿಕ್ಕಿ ನೋಡಿದರು.