ಪಂಚಾಯ್ತಿ ಮಾಳಿಗೆಯ ಮಳೆ ಮಾಪಕ

ನಮ್ಮೂರ ಪಂಚಾಯ್ತಿ ಮಾಳಿಗೆಯ ಮೇಲೆ ಸರ್ಕಾರದ ಹವಾಮಾನ ಕೇಂದ್ರದವರು ಒಂದು ಮಳೆ ಮಾಪಕ ಕೂಡಿಸಿದ್ದಾರೆ. ಬಿದ್ದ ಮಳೆಯನ್ನು ಅದು ತಾನೇ ಅಳೆದು ಕೇಂದ್ರಕ್ಕೆ ಕಳಿಸುತ್ತದೆ; ಆ ಲೆಕ್ಕವನ್ನು ಮೊಬೈಲಿನಲ್ಲಿ ಯಾರು ಬೇಕಾದರೂ ನೋಡಬಹುದು. ಆ ಲೆಕ್ಕ ನೋಡಿಯೇ ಹಳ್ಳದ ಕೆಳಗಿನ ಊರುಗಳಿಗೆ ಎಚ್ಚರಿಕೆ ಹೋಗುವುದು, ತಹಶೀಲ್ದಾರರು ಸೇತುವೆ ಬಂದ್ ಮಾಡಿಸುವುದು. ಅದೇ ಮಾಳಿಗೆಯ ಮೇಲೆ ನಮ್ಮವರು ಹೆಸರುಕಾಳು ಒಣಹಾಕುತ್ತಾರೆ. ಊರಲ್ಲಿ ಅಷ್ಟು ಅಗಲದ, ಬಿಸಿಲು ಬೀಳುವ ಜಾಗ ಮತ್ತೆಲ್ಲಿದೆ? ಮಾಪಕದ ಸುತ್ತಲಿನ ತಂತಿಬೇಲಿ ಮುರಿದು ಯಾವ ಕಾಲವಾಯಿತೋ.

ಆ ಶ್ರಾವಣದಲ್ಲಿ ಒಂದು ಮಧ್ಯಾಹ್ನ ಶುರುವಾದ ಮಳೆ ನಿಲ್ಲುವ ಮಾತೇ ಇರಲಿಲ್ಲ. ಓಣಿಯಲ್ಲಿ ಮೊಣಕಾಲುದ್ದ ನೀರು. ನವಲಗುಂದದ ಕಡೆ, ಇದೇ ಹಳ್ಳದ ದಂಡೆಯ ಊರಿಗೆ ಕೊಟ್ಟ ನನ್ನ ತಂಗಿಗೆ ಫೋನ್ ಹಚ್ಚಿದೆ. ಅವಳ ಗಂಡ ಹಳ್ಳದಾಚೆಯ ಹೊಲದಿಂದ ರಾಶಿ ತರಲು ಟ್ರ್ಯಾಕ್ಟರ್ ಹೊರಡಿಸುತ್ತಿದ್ದ.

"ಕಳಸಬ್ಯಾಡ. ಇಲ್ಲಿ ಮಳಿ ಹುಚ್ಚೆದ್ದು ಸುರಿಯಾಕತ್ತೈತಿ," ಎಂದೆ.

"ಮೊಬೈಲ್‌ನ್ಯಾಗ ಈಗ ನೋಡೀನಿ ಅಕ್ಕಾ. ನಿಮ್ಮೂರಿಗೆ ಸೊನ್ನಿ ತೋರಸಾಕತ್ತೈತಿ. ಆ ಮಷಿನ್ ಎಂದೂ ಸುಳ್ಳ ಹೇಳಿಲ್ಲ. ನೀ ಮೊದಲಿಂದ ಅಂಜುಬುರುಕಿ."

ಮೈಯೆಲ್ಲ ಉರಿದುಹೋಯಿತು. ಮಳೆಯಲ್ಲಿ ತೊಯ್ದು ನಿಂತವಳು ನಾನು, ನಡೆಯುವುದು ಸೊನ್ನೆಯ ಮಾತು! ಬಾಯಿಗೆ ಬಂದಂತೆ ಬೈದೆ. ಅವಳು ಫೋನ್ ಕಟ್ ಮಾಡಿದಳು. ಮತ್ತೆ ಹಚ್ಚಿದರೆ ಎತ್ತಲಿಲ್ಲ. ಈ ಸೊನ್ನೆ ಎಲ್ಲಿಂದ ಬಂತು ಎಂದು ನೋಡಲು ಪಂಚಾಯ್ತಿಗೆ ಓಡಿದೆ.

ಮಾಳಿಗೆಯ ಮೇಲೆ ನಮ್ಮ ಬಾಜು ಮನೆಯ ಕಾಕಾ ತಮ್ಮ ಹೆಸರಿನ ರಾಶಿಗೆ ತಾಡಪತ್ರಿ ಹೊದಿಸಿ ಕಾವಲಿಗೆ ಕೂತಿದ್ದರು. ಗಾಳಿಗೆ ಹಾರದಿರಲೆಂದು ಅದರ ತುದಿಯನ್ನು ಮಳೆ ಮಾಪಕದ ತಲೆಗೇ ಸುತ್ತಿ ಹಗ್ಗ ಬಿಗಿದಿದ್ದರು. ನಾನು ಗಂಟಿಗೆ ಕೈ ಹಾಕಿದೆ.

"ಏ, ಬಿಡಬೇ! ಹೆಸರ ತೊಯ್ದು ಮೊಳಕಿ ಒಡೀತಾವ," ಎಂದು ಕಾಕಾ ನನ್ನ ಕೈ ಹಿಡಿದರು.

"ಇದರ ಬಾಯಿ ಮುಚ್ಚೀರಿ ಕಾಕಾ. ಇಲ್ಲಿ ಮಳೀನ ಇಲ್ಲಂತ ಸುದ್ದಿ ಹೋಗೈತಿ. ಅಲ್ಲಿ ನನ್ನ ತಂಗಿ ಗಂಡ ಹಳ್ಳ ದಾಟಾಕ ಹೊಂಟಾನ. ಕೈ ಬಿಡ್ರಿ!"

ಅವರು ಮಾಪಕವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಆಮೇಲೆ ತಾವೇ ಕುಡುಗೋಲಿನಿಂದ ಹಗ್ಗ ಕೊಯ್ದರು. ತಾಡಪತ್ರಿ ಗಾಳಿಗೆ ಎದ್ದು ಹೋಯಿತು. ಕಾಕಾನ ರಾಶಿ ನಮ್ಮ ಕಣ್ಣೆದುರೇ ತೊಯ್ಯತೊಡಗಿತು.

ಮಾಪಕ ಇನ್ನು ಮುಂದಿನ ಮಳೆಯನ್ನಷ್ಟೇ ಅಳೆಯುತ್ತದೆ. ಆಗಲೇ ಹರಿದುಹೋದ ನೀರಿನ ಗತಿ? ಕಂಬದ ಮೇಲೆ ಬರೆದಿದ್ದ ಕೇಂದ್ರದ ನಂಬರಿಗೆ ಫೋನ್ ಹಚ್ಚಿ ಎಲ್ಲ ಹೇಳಿದೆ. ಆ ಕಡೆಯವರು ತಡಮಾಡಲಿಲ್ಲ. "ನಿಮ್ಮೂರ ಮೇಲೆ ದಟ್ಟ ಮೋಡ ಕಾಣ್ತಿದೆ, ಮಾಪಕ ನೋಡಿದ್ರೆ ಸೊನ್ನೆ. ನಮಗೂ ಅನುಮಾನ ಇತ್ತು. ಸೇತುವೆ ಬಂದ್ ಮಾಡ್ಸೋಕೆ ತಹಶೀಲ್ದಾರರಿಗೆ ಈಗಲೇ ತಿಳಿಸ್ತೀವಿ," ಎಂದರು.

ಆಮೇಲೆ ಕಾಯುವುದಷ್ಟೇ ಉಳಿಯಿತು. ಕಾಕಾ ರಾಶಿಯನ್ನು ಮರೆತು ನನ್ನ ಬಾಜುವೇ ಕೂತರು. ನಾನು ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತೆ.

ಕತ್ತಲಾಗುವ ಮೊದಲು ತಂಗಿಯ ಫೋನು ಬಂತು. ಸೇತುವೆಯ ಬಾಯಲ್ಲಿ ಪೊಲೀಸರು ಟ್ರ್ಯಾಕ್ಟರ್ ತಡೆದಿದ್ದರಂತೆ. ಅವಳ ಗಂಡ ಇನ್ನೂ ಅವರ ಜೊತೆ ಜಗಳಾಡುತ್ತಿರುವಾಗಲೇ ನೀರು ಸೇತುವೆಯ ಮೇಲೆ ಹತ್ತಿತಂತೆ.

"ನಿನ್ನ ಮಾತ ನಂಬಲಿಲ್ಲ ಅಕ್ಕಾ," ಎಂದು ಅತ್ತಳು.

ಬೈಯಬೇಕೆಂದಿದ್ದವಳು, "ಅಳಬ್ಯಾಡ ಬಿಡು," ಎಂದೆ. ಬಿತ್ತುವಾಗ ನಾನೂ ಅದೇ ಮಾಪಕದ ಲೆಕ್ಕ ನೋಡಿ ಬಿತ್ತಿದವಳು. ಇಷ್ಟು ವರ್ಷ ಅದು ನಿಜ ಹೇಳಿತ್ತೆಂದೇ ಅವಳು ಅಂದು ಗಂಡನನ್ನು ಹಳ್ಳಕ್ಕೆ ಕಳಿಸಿದ್ದಳು.